ತೋಟದಲ್ಲಿ ಹಠಾತ್ ಸಾವು ಸಂಭವಿಸಿದಾಗ ನೆರೆಹೊರೆಯ ಕೆಲಸ

ಹಾಲಿನ ಡೈರಿಯ ಮುಂದೆ, ಬಸ್ಸು ನಿಲ್ಲುವ ಕಟ್ಟೆಯಲ್ಲಿ, ಸಂಘದ ಗೊಬ್ಬರದ ಗೋದಾಮಿನ ಬಾಗಿಲಲ್ಲಿ ದಿನವೂ ಕಾಣುವ ಮುಖಗಳಿರುತ್ತವೆ. "ಈ ಸಲ ಕೊಳೆ ಹೇಗೆ?" "ಮೆಣಸು ಕೊಯ್ದಾಯ್ತೆ?" ಎಂಬಷ್ಟರಲ್ಲಿ ಮಾತು ಮುಗಿಯುತ್ತದೆ. ಇದನ್ನು ಯಾರೂ ದೊಡ್ಡ ಸಂಬಂಧವೆಂದು ಎಣಿಸುವುದಿಲ್ಲ. ಆದರೆ ತೋಟದ ಕೆಲಸದಲ್ಲಿ ಅವಘಡವಾದ ದಿನ ಮೊದಲು ಓಡಿ ಬರುವವರು ಇವರೇ. ಹಾಗೆ ಓಡಿ ಬಂದವರು ಏನು ಮಾಡಬೇಕೆಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ.

ನಮ್ಮ ಕಡೆ ಇಂಥ ಸಾವು ಬರುವ ದಾರಿಗಳು ಎಲ್ಲರಿಗೂ ಗೊತ್ತಿದ್ದವೇ. ಬೋರ್ಡೋ ಹೊಡೆಯಲು ಮಳೆಗಾಲದ ನಡುವೆ ಪಾಚಿ ಹಿಡಿದ ಅಡಿಕೆ ಮರ ಹತ್ತಿದವರು ಜಾರುತ್ತಾರೆ. ಮೆಣಸಿನ ಕೊಯ್ಲಿನಲ್ಲಿ ಅಲ್ಯೂಮಿನಿಯಂ ಏಣಿಯನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗ ತುದಿ ವಿದ್ಯುತ್ ತಂತಿಗೆ ತಾಗುತ್ತದೆ. ಕೊಡಗು, ಸಕಲೇಶಪುರದ ಕಡೆ ಆನೆಯ ಭಯವೂ ಸೇರಿದೆ.

ಮರದಿಂದ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಇದರಿಂದ ಇನ್ನಷ್ಟು ಕೆಡುಕಾಗುತ್ತದೆ. 108ಕ್ಕೆ ತಿಳಿಸಿ, ಅಲುಗಿಸದೆ ಕಾಯಿರಿ. ಸಾಗಿಸಲೇಬೇಕಾದರೆ ಅಗಲವಾದ ಹಲಗೆಯ ಮೇಲೆ ತಲೆ, ಕುತ್ತಿಗೆ ಹೊರಳದಂತೆ ಮಲಗಿಸಿ. ಏಣಿ ತಂತಿಗೆ ತಾಗಿದಾಗ ಹತ್ತಿರ ಹೋಗಲೇಬಾರದು. ಒಣ ಕೋಲಿನಿಂದ ಬಿಡಿಸಬಹುದೆಂಬ ನಂಬಿಕೆ 11 ಸಾವಿರ ವೋಲ್ಟಿನ ಲೈನಿಗೆ ಸಲ್ಲದು. 1912ಕ್ಕೆ ದೂರವಾಣಿ ಮಾಡಿ ಲೈನು ತೆಗೆಸಿದ ಮೇಲೆಯೇ ಮುಟ್ಟತಕ್ಕದ್ದು. ಒಬ್ಬರನ್ನು ಉಳಿಸಹೋಗಿ ಇನ್ನೊಬ್ಬರೂ ಹೋಗುವುದು ಇಲ್ಲಿಯೇ.

ಜೀವ ಹೋಗಿದ್ದರೆ ಊರಿನ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳುವುದುಂಟು: "ಪೊಲೀಸು, ಆಸ್ಪತ್ರೆ ಅಂತ ಹೆಣ ಕೊಯ್ಸೋದು ಯಾಕೆ, ಬೇಗ ಮಣ್ಣು ಮಾಡಿ." ಈ ಮಾತಿಗೆ ಒಪ್ಪಬೇಡಿ. ಠಾಣೆಗೆ ದೂರು, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಇಲ್ಲದಿದ್ದರೆ ಆ ಮನೆಯವರು ಮುಂದೆ ವಿಮೆಗೂ ಪರಿಹಾರಕ್ಕೂ ಅಲೆದಾಡಬೇಕಾಗುತ್ತದೆ. ಮನೆಯವರಿಗೆ ಆ ಹೊತ್ತಿನಲ್ಲಿ ಏನೂ ತೋಚುವುದಿಲ್ಲ. ಕಾಗದ ಪತ್ರದ ಹೊಣೆಯನ್ನು ನೆರೆಯವರೊಬ್ಬರು ಹೊರಲಿ. ನಾಲ್ಕು ಜನ ಹೊತ್ತರೆ ಯಾರೂ ಹೊತ್ತಂತಾಗುವುದಿಲ್ಲ. ಮರಣ ನೋಂದಣಿ 21 ದಿನಗಳೊಳಗೆ ಆಗಬೇಕು.

ಸತ್ತವರು ಕೂಲಿಯವರಾಗಿದ್ದರೆ ಮಾಲೀಕರಾದ ನಾವು ಇನ್ನೊಂದನ್ನು ತಿಳಿದಿರಬೇಕು. ಕೆಲಸದಿಂದಾದ ಸಾವಿಗೆ ಪರಿಹಾರ ಕೊಡುವ ಹೊಣೆ 1923ರ ಕಾಯ್ದೆಯಿಂದಲೇ ಬಂದದ್ದು. ಅದರ ಜಾಗದಲ್ಲಿ ಈಗ ಸಾಮಾಜಿಕ ಭದ್ರತಾ ಸಂಹಿತೆ ಇದೆ, ತತ್ವ ಅದೇ. ಆ ಹಣವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು. ಪಂಚಾಯಿತಿ ಕಟ್ಟೆಯಲ್ಲಿ ಕೂತು ಕೈಗಿಷ್ಟು ಕೊಟ್ಟು ಮುಗಿಸಿದೆವೆಂದರೆ ಕಾನೂನಿನಲ್ಲಿ ಮುಗಿಯುವುದಿಲ್ಲ, ನ್ಯಾಯವೂ ಅಲ್ಲ. ಹತ್ತಿರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಸಾವಿನ ಮನೆಗೆ ಅನ್ನ ಸಾರು ಕಳುಹಿಸುವುದನ್ನು ನಮ್ಮ ಊರುಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಕೊರತೆ ಕಾಣುವುದು ತಿಥಿಯ ನಂತರ. ನೆಂಟರು ಹೊರಟುಹೋಗುತ್ತಾರೆ, ಅಂಗಳದಲ್ಲಿ ಅಡಿಕೆ ಹಾಗೆಯೇ ಬಿದ್ದಿರುತ್ತದೆ, ಕಾಫಿ ಹಣ್ಣು ಗಿಡದಲ್ಲೇ ಒಣಗತೊಡಗುತ್ತದೆ. ಮುಯ್ಯಾಳಿನ ಪದ್ಧತಿ ಈಗ ಕಡಿಮೆಯಾಗಿದೆ ನಿಜ. ಆದರೂ ಮನೆಗೊಬ್ಬರಂತೆ ಎರಡು ದಿನ ಬಂದರೆ ಎರಡೆಕರೆಯ ಕೊಯ್ಲು ಬಹುಮಟ್ಟಿಗೆ ಮುಗಿಯುತ್ತದೆ. "ಏನಾದ್ರೂ ಬೇಕಾದ್ರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ನಾಳೆ ಬೆಳಗ್ಗೆ ಬರ್ತೀವಿ, ಕುಕ್ಕೆ ತೆಗೆದಿಡಿ ಅಕ್ಕ" ಎನ್ನಬೇಕು.

ಜೊತೆಯಲ್ಲಿದ್ದು ಕಣ್ಣಾರೆ ಕಂಡ ಆಳುಗಳನ್ನಂತೂ ನಾವು ಮರೆತೇಬಿಡುತ್ತೇವೆ. ಮರುದಿನವೇ ಅದೇ ಸಾಲಿನಲ್ಲಿ ಮರ ಹತ್ತಲು ಹೇಳುವುದು ಕ್ರೂರ; ಕೈ ನಡುಗುವವನನ್ನು ಮರ ಹತ್ತಿಸುವುದು ಅಪಾಯವೂ ಹೌದು. ಕೆಲ ದಿನ ನೆಲದ ಕೆಲಸ ಕೊಡಿ. ಅವರು ಅದೇ ಕಥೆಯನ್ನು ಹತ್ತು ಸಲ ಹೇಳಿದರೂ ಕೇಳಿಸಿಕೊಳ್ಳಿ. ವಾರಗಳು ಕಳೆದರೂ ನಿದ್ದೆಯಿಲ್ಲ, ಕುಡಿತ ಹೆಚ್ಚಿದೆ ಎಂದಾದರೆ 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸೇವೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ ರೂಪಾಯಿ ವಿಮೆಯಿದೆ. ವಯಸ್ಸು 18ರಿಂದ 70. ವಿಮೆಯ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಕಂತು ಕಡಿತವಾಗದಿದ್ದರೆ ವಿಮೆಯೂ ಇಲ್ಲ. ಮೇ ತಿಂಗಳಲ್ಲಿ ನಿಮ್ಮದರ ಜೊತೆಗೆ ನಿಮ್ಮ ಕೊನೆಗಾರರ, ಆಳುಗಳ ಪಾಸ್‌ಬುಕ್ಕನ್ನೂ ಒಮ್ಮೆ ಬ್ಯಾಂಕಿನಲ್ಲಿ ತೋರಿಸಿ ಬನ್ನಿ.