ಸೇಲಂನ ಮಣ್ಣು ಚಂದ್ರನಿಗೆ ಹೋಯಿತೇ? ಒಂದು ಹೆಮ್ಮೆಯ ಮಾತಿನ ಪರಿಶೀಲನೆ

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಳ್ತೇನೆ. ಕನ್ನಡ ಎಂ.ಎ. ಓದುವವರಿಗೂ ಚಂದ್ರಯಾನಕ್ಕೂ ಏನು ಸಂಬಂಧ ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನ್ನ ವಿಷಯ ಒಂದೇ ಒಂದು ವಾಕ್ಯ. 2023ರಿಂದ ಈಚೆಗೆ ಸೇಲಂ, ಧರ್ಮಪುರಿ ಕಡೆಯ ಕನ್ನಡ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ ವಾಕ್ಯ: "ನಮ್ಮ ಮಣ್ಣು ಚಂದ್ರನಿಗೆ ಹೋಗಿದೆ."

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು. ಇಸ್ರೋದ ಯೂಟ್ಯೂಬ್ ನೇರಪ್ರಸಾರವನ್ನು ಒಂದು ಹಂತದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ನೋಡುತ್ತಿದ್ದರು. ಮರುದಿನ ತಮಿಳು ಚಾನೆಲ್‌ಗಳ ತುಂಬ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಅವರ ಊರು ವಿಲ್ಲುಪುರಂ. ಕನ್ನಡ ಚಾನೆಲ್‌ಗಳ ತುಂಬ ಬೆಂಗಳೂರಿನ ನಿಯಂತ್ರಣ ಕೇಂದ್ರ. ನಾವು ಎರಡೂ ಕಡೆಯ ಚಾನೆಲ್ ನೋಡುವವರು, ಎರಡು ಕಡೆಯೂ ಪೂರ್ತಿ ಸೇರದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಎಷ್ಟೋ ಮಂದಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಹಾಗಾಗಿ ಈ ಮಣ್ಣಿನ ಸುದ್ದಿ ಬಂದಾಗ ಜನ ಅದನ್ನು ಬಾಚಿ ತಬ್ಬಿಕೊಂಡರು. ವಿಲ್ಲುಪುರಂನದೂ ಅಲ್ಲ, ಬೆಂಗಳೂರಿನದೂ ಅಲ್ಲ, ಇದು ನಮ್ಮದು!

ಮೊದಲು ಸುದ್ದಿಯಲ್ಲಿ ನಿಜ ಎಷ್ಟಿದೆ ನೋಡೋಣ. ಸಿತ್ತಂಪೂಂಡಿ, ಕುನ್ನಮಲೈ ಎಂಬ ಹಳ್ಳಿಗಳ ಸುತ್ತ ಅನಾರ್ಥೋಸೈಟ್ ಎಂಬ ಬಿಳಿ ಬಂಡೆ ಇದೆ. ಇವು ಈಗ ನಾಮಕ್ಕಲ್ ಜಿಲ್ಲೆಯಲ್ಲಿವೆ. ಆದರೆ ನಾಮಕ್ಕಲ್ ಸೇಲಂನಿಂದ ಬೇರೆಯಾದದ್ದು 1997ರಲ್ಲಿ. ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಸಿತ್ತಂಪೂಂಡಿಯ ಕಲ್ಲಿನ ಬಗ್ಗೆ ಎ.ಪಿ. ಸುಬ್ರಮಣ್ಯಂ 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲೇ 'ಸೇಲಂ ಜಿಲ್ಲೆ, ಮದ್ರಾಸ್ ರಾಜ್ಯ' ಅಂತ ಇದೆ. ಆದ್ದರಿಂದ 'ನಮ್ಮ' ಅನ್ನುವ ಪದಕ್ಕೆ ನನ್ನ ತಕರಾರಿಲ್ಲ. ಈ ಬಂಡೆಯನ್ನು ಪುಡಿ ಮಾಡಿ, ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದ ನೆರವಿನಿಂದ ಸುಮಾರು 50 ಟನ್ ಮಣ್ಣನ್ನು ಬೆಂಗಳೂರಿಗೆ ಒಯ್ದರು. ಆ ಮಣ್ಣು ತಯಾರಿಸುವ ವಿಧಾನಕ್ಕೆ 2020ರ ಮೇ ತಿಂಗಳಲ್ಲಿ ಇಸ್ರೋಗೆ ಪೇಟೆಂಟ್ ಕೂಡ ಸಿಕ್ಕಿತು.

ಅಂದರೆ ಮಣ್ಣು ಹೋದದ್ದು ಬೆಂಗಳೂರಿಗೆ. ಅಲ್ಲಿಂದ ಮೇಲಕ್ಕೆ ಒಂದು ಚಿಟಿಕೆಯೂ ಹೋಗಲಿಲ್ಲ. (ಕಾವೇರಿ ನೀರು ಕರ್ನಾಟಕದಿಂದ ಹೊಗೇನಕಲ್ ದಾಟಿ ಮೆಟ್ಟೂರಿಗೆ ಬರುವ ಬಗ್ಗೆ ಎಷ್ಟು ಜಗಳ ಆಗಿದೆ ಅಂತ ಗೊತ್ತಲ್ಲ. ಇಲ್ಲಿಂದ ಅಲ್ಲಿಗೆ ಮಣ್ಣು ಹೋದಾಗ ಯಾರೂ ಬಸ್ಸಿಗೆ ಕಲ್ಲು ಹೊಡೆಯಲಿಲ್ಲ.)

ಈ ಕಲ್ಲೇ ಏಕೆ? ಇಲ್ಲಿ ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಕುತೂಹಲ ಹುಟ್ಟಿಸಿದ ಒಂದು ಸಂಗತಿ ಇದೆ. ನಮ್ಮ ಕಾವ್ಯಗಳು ಚಂದ್ರನಿಗೆ ಕೊಟ್ಟ ಹೆಸರುಗಳನ್ನು ನೋಡಿ: ಶಶಾಂಕ, ಮೃಗಾಂಕ, ಕಳಂಕಿ. ಕವಿಗಳ ಕಣ್ಣು ಹೋದದ್ದು ಕಪ್ಪು ಕಲೆಯ ಕಡೆಗೆ. ಅದರಲ್ಲೇ ಮೊಲವೂ ಜಿಂಕೆಯೂ ಕಂಡವು. ಆ ಕಪ್ಪು ಭಾಗ ಹಿಂದೆಂದೋ ಹರಿದು ಹೆಪ್ಪುಗಟ್ಟಿದ ಲಾವಾ, ಅಂದರೆ ಬಸಾಲ್ಟ್. ಮೊಲದ ಸುತ್ತ ಇರುವ ಬಿಳಿಯ ಎತ್ತರದ ನೆಲ ಬೇರೆ. ಅದು ಅನಾರ್ಥೋಸೈಟ್. ನಾವು 'ಬೆಳದಿಂಗಳು' ಅನ್ನುವಾಗ ಆ 'ಬೆಳ್'ಗೆ ದೊಡ್ಡ ಪಾಲು ಕೊಡುವುದು ಈ ಕಲ್ಲೇ. 'ತಿಂಗಳು' ಎನ್ನುವ ಪದ ತಮಿಳಿನಲ್ಲೂ ಚಂದ್ರನೇ ಅನ್ನುವುದನ್ನು ಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಬಿಳಿ ನೆಲ ಬಂದದ್ದು ಹೀಗೆ ಅನ್ನುತ್ತಾರೆ. ಹುಟ್ಟಿದ ಹೊಸದರಲ್ಲಿ ಚಂದ್ರನ ಮೇಲ್ಮೈ ಕರಗಿದ ಕಲ್ಲಿನ ಕಡಲು. ಅದು ಆರುತ್ತ ಬಂದಾಗ ಭಾರದ ಖನಿಜಗಳು ತಳಕ್ಕೆ ಇಳಿದವು, ಹಗುರವಾದ ಪ್ಲೇಜಿಯೋಕ್ಲೇಸ್ ಹಾಲಿನ ಕೆನೆಯ ಹಾಗೆ ಮೇಲೆ ತೇಲಿ ಗಟ್ಟಿಯಾಯಿತು. 1969ರಲ್ಲಿ ಅಪೊಲೊ 11 ತಂದ ಮಣ್ಣಿನಲ್ಲಿದ್ದ ಸಣ್ಣ ಬಿಳಿ ಚೂರುಗಳನ್ನು ನೋಡಿಯೇ ವಿಜ್ಞಾನಿಗಳು ಈ ಊಹೆ ಕಟ್ಟಿದ್ದು. ಭೂಮಿಯ ಮೇಲೂ ಅನಾರ್ಥೋಸೈಟ್ ಅಲ್ಲಲ್ಲಿ ಇದೆ. ಆದರೆ ಹೆಚ್ಚಿನ ಕಡೆ ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಸಿತ್ತಂಪೂಂಡಿಯದು ಚಂದ್ರನ ಕಲ್ಲಿನಂತೆ ಕ್ಯಾಲ್ಸಿಯಂ ತುಂಬಿದ್ದು. ಅಮೆರಿಕದಿಂದ ಕೃತಕ ಚಂದ್ರಮಣ್ಣು ತರಿಸಿದರೆ ಕಿಲೋಗೆ ಸುಮಾರು 150 ಡಾಲರ್ ಆಗುತ್ತಿತ್ತು ಅನ್ನೋದು ಪತ್ರಿಕೆಗಳಲ್ಲಿ ಬಂದಿದೆ, ಜನಕ್ಕೆ ಇಷ್ಟವಾದ ಲೆಕ್ಕವೂ ಅದೇ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇದು: ನಾಸಾದ ಹೆಸರುವಾಸಿ ಜೆಎಸ್‌ಸಿ-1 ಮಣ್ಣು ಅರಿಜೋನಾದ ಜ್ವಾಲಾಮುಖಿ ಬೂದಿಯಿಂದ ಮಾಡಿದ್ದು, ಚಂದ್ರನ ಕಪ್ಪು ಭಾಗಕ್ಕೆ ಹೊಂದುವಂಥದ್ದು. ವಿಕ್ರಮ್ ಇಳಿಯಬೇಕಿದ್ದದ್ದು ಬಿಳಿ ಭಾಗದಲ್ಲಿ.

ಮಣ್ಣಿಗೆ ಬೆಂಗಳೂರಿನಲ್ಲಿ ಏನು ಕೆಲಸ? ಚಂದ್ರನ ಮೇಲೆ ಗಾಳಿಯಿಲ್ಲ, ಹರಿಯುವ ನೀರಿಲ್ಲ. ಹಾಗಾಗಿ ಅಲ್ಲಿನ ಕಣಗಳು ಸವೆದು ದುಂಡಗಾಗಿಲ್ಲ. ಎಳ್ಳಿನ ಮೇಲೆ ಕೈಯಾಡಿಸಿದರೆ ಜಾರುತ್ತೆ, ಒಡೆದ ಗಾಜಿನ ಪುಡಿ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಹೊಳೆಮರಳಿಗೂ ಚಂದ್ರನ ಮಣ್ಣಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅದೇ. ಬಂಡೆಯನ್ನೇ ಜಜ್ಜಿ ಹಿಟ್ಟಿನಷ್ಟು ನುಣ್ಣಗೆ ಮಾಡಿದರೆ ಮಾತ್ರ ಆ ಕಚ್ಚುವ ಗುಣ ಬರುತ್ತೆ. ಆ ಹಾಸಿನ ಮೇಲೆ ಲ್ಯಾಂಡರಿನ ಕಾಲು ಎಷ್ಟು ಹೂತುಹೋಗುತ್ತೆ, ಆರು ಚಕ್ರದ ರೋವರ್ ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಪರೀಕ್ಷಿಸಿದರು. ಇದೇ ಯೋಜನೆಗಾಗಿ ಚಿತ್ರದುರ್ಗದ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಗುಂಡಿಗಳನ್ನು ತೋಡಿ, ಲ್ಯಾಂಡರಿನ ಸಂವೇದಕಗಳನ್ನು ವಿಮಾನದಲ್ಲಿಟ್ಟು ಅವುಗಳ ಮೇಲೆ ಹಾರಿಸಿದ್ದರು. ಚಂದ್ರಯಾನಕ್ಕೆ ನೋಡೋದು ಕಲಿಸಿದ್ದು ಚಳ್ಳಕೆರೆ, ನಡೆಯೋದು ಕಲಿಸಿದ್ದು ಸೇಲಂ ಅಂದರೆ ಸ್ವಲ್ಪ ಹೆಚ್ಚಾಯಿತೇನೋ, ಆದರೆ ಸುಳ್ಳಲ್ಲ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಅಪ್ಪಳಿಸಿದಾಗ "ಮಣ್ಣು ಸರಿಯಿರಲಿಲ್ಲವಾ?" ಅಂತ ನಮ್ಮ ಬೀದಿಯಲ್ಲೇ ಕೆಲವರು ಅಳುಕಿದ್ದರು. ಮಣ್ಣಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ತಳ್ಳು ಕೊಟ್ಟವು, ಸಣ್ಣ ಸಣ್ಣ ವ್ಯತ್ಯಾಸ ಕೂಡಿಕೊಂಡು ದೊಡ್ಡದಾದವು ಎಂದು ಇಸ್ರೋ ಆಮೇಲೆ ವಿವರಿಸಿತು.

ಈಗ ಆ ವಾಕ್ಯಕ್ಕೆ ವಾಪಸ್ ಬರ್ತೇನೆ. ಅಭಿಮಾನದ ಮಾತು ತಾನೇ, ಇರಲಿ ಬಿಡಿ ಅಂತ ನೀವು ಹೇಳಬಹುದು. ಬಿಡೋಕಾಗದ್ದಕ್ಕೆ ಕಾರಣ ಇದೆ. ನಮ್ಮ ಪಕ್ಕದ ಮನೆಯ ಹುಡುಗ, ಎಂಟನೇ ತರಗತಿ, ಶಾಲೆಯ ಪ್ರಬಂಧದಲ್ಲಿ 'ಸೇಲಂ ಮಣ್ಣು ಚಂದ್ರನಲ್ಲಿದೆ' ಅಂತ ಬರೆದ. ಅದಕ್ಕೆ ಕೆಂಪು ಗೆರೆ ಬಿತ್ತು. ಗೆರೆ ಎಳೆದದ್ದು ಸರಿಯೇ, ಆದರೆ ಪಕ್ಕದಲ್ಲಿ ಯಾರೂ ಏನೂ ಬರೆದಿರಲಿಲ್ಲ. ಹುಡುಗ ಮನೆಗೆ ಬಂದು, ಮಣ್ಣಿನ ಕಥೆಯೆಲ್ಲ ಬರೀ ಬೊಗಳೆ ಅಂದ. ಉತ್ಸಾಹದಲ್ಲಿ ಒಂದು ಹೆಜ್ಜೆ ಹೆಚ್ಚು ಹೇಳಿದ್ದರಿಂದ, ನಿಜವಾಗಿ ನಡೆದ ಕೆಲಸವೂ ಸುಳ್ಳಿನ ಜತೆ ಕೊಚ್ಚಿಹೋಯಿತು. ನಮ್ಮಜ್ಜಿಯೂ ನನ್ನನ್ನು ಕೇಳಿದ್ದು ಅಷ್ಟೇ: "ಹೋಯ್ತಾ, ಇಲ್ವಾ? ಒಂದು ಹೇಳು ಕಣವ್ವ."

ಸಿಮ್ಯುಲೆಂಟ್ ಅಂದರೆ ಅಜ್ಜಿಗೆ ಅರ್ಥವಾಗಲ್ಲ. ಪುಸ್ತಕದ ಕನ್ನಡದಲ್ಲಿ 'ಅನುಕರಣ ಮೃತ್ತಿಕೆ' ಅಂತೇನಾದರೂ ಮಾಡಿಕೊಂಡರೆ ನನಗೇ ಅರ್ಥವಾಗಲ್ಲ. ಕೊನೆಗೆ ಹೊಳೆದದ್ದು ಬಯಲಾಟದ ಮಾತು: "ಅಜ್ಜಿ, ನಮ್ಮ ಮಣ್ಣು ಚಂದ್ರನ ವೇಷ ಕಟ್ಟಿತು. ರೋವರ್ ಅದರ ಮೇಲೆ ತಾಲೀಮು ಮಾಡಿತು. ಆಟಕ್ಕೆ ಮೇಲೆ ಹೋದದ್ದು ರೋವರ್ ಮಾತ್ರ." ಅಜ್ಜಿ ತಲೆಯಾಡಿಸಿದರು, ಹುಡುಗನೂ ಅಲ್ಲೇ ಕೂತಿದ್ದ. ವೇಷ, ತಾಲೀಮು ಎರಡೂ ಓದು ಬರದ ಕನ್ನಡದಲ್ಲಿ ಮೊದಲೇ ಇದ್ದ ಪದಗಳು. 'ಹೋಗಿದೆ' ಅನ್ನುವುದಕ್ಕಿಂತ ಅವು ಹೆಚ್ಚು ಕರಾರುವಾಕ್ಕು ಅಂತ ನನ್ನ ವಾದ.

ವೇಷ ಎಷ್ಟು ಹೊಂದಿತು ಅನ್ನೋದಕ್ಕೂ ಈಗ ಉತ್ತರ ಇದೆ. ಪ್ರಜ್ಞಾನ್ ರೋವರ್ 103 ಮೀಟರ್ ಓಡಾಡಿ, 23 ಕಡೆ ಮಣ್ಣಿನ ಧಾತುಗಳನ್ನು ಅಳೆಯಿತು. 2024ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಲ್ಲಿನ ಮಣ್ಣಿನಲ್ಲಿ ಪ್ರಧಾನವಾಗಿ ಇರುವುದು ಅನಾರ್ಥೋಸೈಟಿನ ಅಂಶವೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಚಂದ್ರಯಾನ-4ಕ್ಕೆ ಒಪ್ಪಿಗೆ ಕೊಟ್ಟಿದೆ. ಅದರ ಗುರಿ ಚಂದ್ರನ ಮಣ್ಣನ್ನು ಇಲ್ಲಿಗೆ ತರುವುದು. ಬಂದರೆ ಎರಡು ಮಣ್ಣನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಚಾಟ್‌ನಲ್ಲಿ ಒಬ್ಬರು, ಆ ಕಲ್ಲನ್ನು ಗುರುತಿಸೋದು ಹೇಗೆ ಅಂತ ಕೇಳಿದ್ದಾರೆ. ಬಿಳಿ, ಇಲ್ಲವೇ ತಿಳಿಬೂದು ಬಣ್ಣ. ನಡುನಡುವೆ ಕರಿ ಕಾಳುಗಳು. ಆ ಕರಿ ಕಾಳು ಹಾರ್ನ್‌ಬ್ಲೆಂಡ್, ತನ್ನೊಳಗೆ ಒಂಚೂರು ನೀರಿನಂಶ ಹಿಡಿದಿಟ್ಟುಕೊಂಡಿರುವ ಖನಿಜ. ಅಪೊಲೊ ತಂದ ಬಿಳಿ ಕಲ್ಲುಗಳಲ್ಲಿ ಅದಿಲ್ಲ. ಅದು ಕಂಡರೆ, ನೀವು ನಿಂತಿರೋದು ಭೂಮಿಯ ಮೇಲೇ.