ಜೀಪಿನ ಮೇಲಿನ ದೂರು, ರೂಪಾಯಿ ಲೆಕ್ಕದಲ್ಲಿ

ಮಹೀಂದ್ರ ಥಾರ್, ಮಾರುತಿ ಜಿಮ್ನಿ, ಫೋರ್ಸ್ ಗೂರ್ಖಾ. ನಾಲ್ಕೂ ಚಕ್ರ ಎಳೆಯುವ, ಮಧ್ಯಮ ಬೆಲೆಯ ಗಾಡಿ ಎಂದರೆ ನಮ್ಮಲ್ಲಿ ಸದ್ಯಕ್ಕೆ ಮೊದಲು ಬಾಯಿಗೆ ಬರುವುದು ಈ ಮೂರು ಹೆಸರು. ಸಕಲೇಶಪುರ, ಮೂಡಿಗೆರೆ, ಮಡಿಕೇರಿಯ ತೋಟದ ದಾರಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಗಾಡಿ ಇಲ್ಲದೆ ಕೆಲಸ ಸಾಗುವುದಿಲ್ಲ. ಮಾಲೀಕರನ್ನು ಮಾತಿಗೆಳೆದರೆ ಮೊದಲ ದೂರು ಮೈಲೇಜು. ಆಮೇಲೆ ಟೈರು, ಸ್ಟೀರಿಂಗ್ ನಡುಕ, ತುಕ್ಕು, ಸರ್ವಿಸ್. ಒಂದೊಂದನ್ನೂ ರೂಪಾಯಿಗೆ ಇಳಿಸಿ ಪಕ್ಕಪಕ್ಕ ಇಟ್ಟರೆ ಈ ಸಾಲು ಮೇಲುಕೆಳಗಾಗುತ್ತದೆ. ಎಲ್ಲಕ್ಕಿಂತ ಜೋರಾಗಿ ಕೇಳಿಬರುವ ದೂರಿಗಿಂತ ಎಷ್ಟೋ ಪಟ್ಟು ದುಬಾರಿಯಾದ ಒಂದು ಸಂಗತಿಯನ್ನು ಬಹಳ ಮಂದಿ ದೂರು ಎಂದೇ ಎಣಿಸಿಲ್ಲ.

ಮೈಲೇಜಿನಿಂದಲೇ ಶುರು ಮಾಡೋಣ. ಐದು ಬಾಗಿಲಿನ ಜಿಮ್ನಿಗೆ ಕಂಪನಿ ಕೊಡುವ ಅಂಕಿ ಮ್ಯಾನುಯಲ್ ಗೇರಿನಲ್ಲಿ ಲೀಟರಿಗೆ 16.94 ಕಿ.ಮೀ. ಘಾಟಿ, ಊರು, ಹೆದ್ದಾರಿ ಎಲ್ಲ ಸೇರಿ ಕೈಗೆ ಸಿಗುವುದು 12 ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ಕಂಪನಿಯ ಲೆಕ್ಕಕ್ಕೆ 708 ಲೀಟರ್ ಪೆಟ್ರೋಲ್ ಸಾಕು, ನಿಜಕ್ಕೆ 1,000 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ 292 ಲೀಟರಿನ ಈ ಕೊರತೆಯ ಬೆಲೆ ವರ್ಷಕ್ಕೆ ಸುಮಾರು 30,000 ರೂಪಾಯಿ. ತಿಂಗಳಿಗೆ 2,500. ಜಿಮ್ನಿಯ ಟ್ಯಾಂಕು 40 ಲೀಟರಿನದು. ಬೆಂಗಳೂರಿನಿಂದ ಮಡಿಕೇರಿ ಸುಮಾರು 260 ಕಿ.ಮೀ., ಹೋಗಿಬರಲು 520. ಹನ್ನೆರಡರ ಲೆಕ್ಕದಲ್ಲಿ ತುಂಬಿದ ಟ್ಯಾಂಕು 480ಕ್ಕೇ ಬರಿದಾಗುತ್ತದೆ. ಬಂಕಿನಲ್ಲಿ ಎರಡನೇ ಸಲ ನಿಂತಾಗ ಸಿಟ್ಟು ಬರುವುದು ಸಹಜ.

ಆದರೆ ಆ 16.94 ಹುಟ್ಟುವ ಜಾಗ ಬೇರೆ. ಪ್ರಯೋಗಾಲಯದ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ, ಗಂಟೆಗೆ 90 ಕಿ.ಮೀ. ಮೀರದ ವೇಗದಲ್ಲಿ 1,180 ಸೆಕೆಂಡ್ ಓಡಿಸಿ ಪಡೆದ ಅಂಕಿ ಅದು. ಅಲ್ಲಿ ಏರು ಇಲ್ಲ, ಎದುರುಗಾಳಿ ಇಲ್ಲ, ಎ.ಸಿ. ಚಾಲೂ ಇಲ್ಲ. ಎದೆ ನೆಟ್ಟಗೆ ಸೆಟೆಸಿ ನಿಂತಂತಿರುವ ಈ ಗಾಡಿಗಳಿಗೆ ದೊಡ್ಡ ಶತ್ರು ಗಾಳಿಯೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಶೇ 25, ತಡೆ ಹೆಚ್ಚುವುದು ಶೇ 56. ಹಾಸನದ ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋಗುವವನಿಗೆ ಈ ಮೂವತ್ತು ಸಾವಿರದಲ್ಲಿ ಒಂದು ಪಾಲು ಅಲ್ಲೇ ಉಳಿಯುತ್ತದೆ. ಉಳಿದದ್ದು ಗಾಡಿಯ ಆಕಾರಕ್ಕೆ ಕೊಡುವ ಬೆಲೆ. ಕೊಳ್ಳುವಾಗಲೇ ಒಪ್ಪಿಕೊಂಡ ಬೆಲೆ ಎಂದೇ ನನ್ನ ಅಭಿಪ್ರಾಯ.

ಟೈರಿನ ದೂರು ಇದಕ್ಕಿಂತ ತೊಡಕಿನದು, ಏಕೆಂದರೆ ಅರ್ಧ ಪಾಲು ಮಾಲೀಕರೇ ತಂದುಕೊಂಡದ್ದು. ಜಿಮ್ನಿಗೆ ಕಂಪನಿ ಕೊಡುವ ಟೈರು 195/80 ಆರ್ 15. ಅದರ ವ್ಯಾಸ 693 ಮಿ.ಮೀ. ಕೆಸರಿಗೆ ಚೆನ್ನಾಗಿ ಕಚ್ಚುತ್ತದೆ, ನೋಡಲೂ ಗತ್ತು ಎಂದು ಅನೇಕರು 235/75 ಆರ್ 15 ಹಾಕಿಸುತ್ತಾರೆ. ಅದರ ವ್ಯಾಸ 733.5 ಮಿ.ಮೀ., ಅಂದರೆ ಶೇ 5.8 ದೊಡ್ಡದು. ಆಮೇಲೆ "ಮೈಲೇಜು ಹನ್ನೆರಡರಿಂದ ಹನ್ನೊಂದಕ್ಕೆ ಬಿತ್ತು" ಎಂಬ ಮಾತು. ಇಲ್ಲಿ ಮೀಟರಿನ ಲೆಕ್ಕವೇ ತಪ್ಪುತ್ತದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೆಯ ಚಕ್ರದ ಸುತ್ತನ್ನೇ ಎಣಿಸುತ್ತಿರುತ್ತದೆ. ಅದು 100 ತೋರಿಸಿದಾಗ ಗಾಡಿ 105.8 ಕಿ.ಮೀ. ಹೋಗಿರುತ್ತದೆ. ಹಾಗಾಗಿ ಮೀಟರಿನ ಹನ್ನೊಂದು ನಿಜದಲ್ಲಿ 11.6. ಕಳೆದುಕೊಂಡದ್ದು ಒಂದು ಕಿ.ಮೀ. ಅಲ್ಲ, ಅರ್ಧಕ್ಕಿಂತ ಕಡಿಮೆ. ವೇಗದ ಮುಳ್ಳಿಗೂ ಇದೇ ಮಾತು. ಮೊದಲು ಅದು ಸರಿಯಾಗಿತ್ತು ಎಂದುಕೊಂಡರೆ, ಈಗ 80 ತೋರಿಸುವಾಗ ಗಾಡಿ 84.7ರಲ್ಲಿ ಇರುತ್ತದೆ. ಹಣದ ಲೆಕ್ಕಕ್ಕಿಂತ ಜೀವದ ಲೆಕ್ಕಕ್ಕೆ ಇದು ಮುಖ್ಯ.

ಇಷ್ಟಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ವ್ಯಾಸ 40 ಮಿ.ಮೀ. ಹೆಚ್ಚಿದರೆ ಅಕ್ಷ ಮೇಲೇರುವುದು ಅದರರ್ಧ, 20 ಮಿ.ಮೀ. ಜಿಮ್ನಿಯ ನೆಲದ ಅಂತರ 210 ಇದ್ದದ್ದು 230 ಆಗುತ್ತದೆ. ಎರಡಿಂಚಿನ ಲಿಫ್ಟ್ ಕಿಟ್ ಹಾಕಿಸಿದವರಿಗೆ ಆ ಇಪ್ಪತ್ತೂ ಇಲ್ಲ. ಸ್ಪ್ರಿಂಗ್ ಎತ್ತರವಾದರೆ ಬಾಡಿ ಮೇಲೇರುತ್ತದೆಯೇ ಹೊರತು ಇಡೀ ಅಕ್ಷದ ನಡುವೆ ಗುಂಡಗೆ ಕೂತಿರುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ದಾರಿಯ ನಡುವಿನ ಕಲ್ಲು ಬಡಿಯುವುದು ಆ ಗುಂಡಿಗೇ. ಬಾಡಿ ಏರಿದ್ದಕ್ಕೆ ಮುಂದಿನ ಅಕ್ಷದ ಕೋನ ಬದಲಾಗಿ ಸ್ಟೀರಿಂಗ್ ತೇಲತೊಡಗುತ್ತದೆ, ಒಂದು ವೇಗದಲ್ಲಿ ಗಡಗಡ ನಡುಗುತ್ತದೆ. ಅಮೆರಿಕದಲ್ಲಿ ಜೀಪ್ ರ್‍ಯಾಂಗ್ಲರ್ ಮಾಲೀಕರ ಅತಿ ಹಳೆಯ ದೂರೂ ಈ ನಡುಕವೇ. ಅಲ್ಲಿ ಏನೂ ಬದಲಿಸದ ಹೊಸ ಗಾಡಿಗಳಲ್ಲೂ ಅದು ಕಾಣಿಸಿಕೊಂಡು, 2019ರಲ್ಲಿ ಕಂಪನಿ ಸ್ಟೀರಿಂಗ್ ಡ್ಯಾಂಪರ್‌ಗಳನ್ನು ಉಚಿತವಾಗಿ ಬದಲಿಸಿಕೊಡಬೇಕಾಯಿತು. ಮುಂದೆ ಇಡೀ ಅಕ್ಷವಿರುವ ಯಾವ ಗಾಡಿಗೂ ಈ ಗುಣ ತಪ್ಪಿದ್ದಲ್ಲ. ನಮ್ಮಲ್ಲಿ ಜಿಮ್ನಿಯ ಮುಂದೆ ಹಿಂದೆ ಎರಡೂ ಕಡೆ ಇರುವುದು ಅದೇ.

ಥಾರಿನ ಟೈರು ಇನ್ನೂ ದೊಡ್ಡದು, 255/65 ಆರ್ 18. ಒಂದಕ್ಕೆ 12,000 ಎಂದು ಹಿಡಿದರೆ ಸ್ಟೆಪ್ನಿ ಸೇರಿ ಐದಕ್ಕೆ 60,000 ರೂಪಾಯಿ. 40,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಇದೇ ಬೆಲೆಯ ಒರಟು ಮಡ್ ಟೈರು ಟಾರು ರಸ್ತೆಯಲ್ಲಿ ಸವೆದು 25,000ಕ್ಕೇ ಮುಗಿದರೆ 2.40. ವರ್ಷದಲ್ಲಿ ಹತ್ತು ತಿಂಗಳು ಟಾರಿನ ಮೇಲೇ ಓಡುವ ಗಾಡಿಗೆ ಮಡ್ ಟೈರು ಹಾಕಿಸಿ, ಆಮೇಲೆ ಗದ್ದಲ ಜಾಸ್ತಿ, ಬ್ರೇಕ್ ಹಿಡಿಯುವುದಿಲ್ಲ ಎಂದು ಕೊರಗುವುದು ನ್ಯಾಯವಲ್ಲ. ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಕೂಡದು ಎನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

"ಫೋರ್ ವೀಲ್ ಹಾಕಿದರೆ ತಿರುವಿನಲ್ಲಿ ಗಾಡಿ ಹಿಡಿದುಕೊಳ್ಳುತ್ತದೆ" ಎನ್ನುವುದು ಇನ್ನೊಂದು ದೂರು. ಇದಕ್ಕೆ ಕಾಸು ಖರ್ಚಿಲ್ಲ, ತಿಳಿದಿದ್ದರೆ ಸಾಕು. ಈ ಮೂರೂ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಅಕ್ಷ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಜಿಮ್ನಿಯಲ್ಲಿ ಅವೆರಡರ ನಡುವೆ 2,590 ಮಿ.ಮೀ. ಅಂತರ. ಹಿಂದಿನ ಅಕ್ಷ 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ ಮುಂದಿನದು ಸುಮಾರು ಒಂದು ಮೀಟರ್ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಆ ಒಂದು ಮೀಟರನ್ನು ಸರಿದೂಗಿಸಿಕೊಳ್ಳುತ್ತದೆ. ಒಣ ಟಾರಿನ ಮೇಲೆ ಜಾರಲು ದಾರಿಯಿಲ್ಲ, ಅಷ್ಟೂ ಬಿಗಿತ ಗೇರುಗಳ ಮೇಲೆ, ಶಾಫ್ಟಿನ ಮೇಲೆ ಕೂರುತ್ತದೆ. ತೋಟದ ಗೇಟು ದಾಟಿ ಟಾರಿಗೆ ಬಂದೊಡನೆ ಫೋರ್ ವೀಲ್ ತೆಗೆಯುವುದನ್ನು ಮರೆತರೆ ಕೆಡುವುದು ಟ್ರಾನ್ಸ್‌ಫರ್ ಕೇಸ್. ಅದನ್ನು ಕಂಪನಿಯ ದೋಷ ಎನ್ನಲಾಗದು. ಗಾಡಿ ಕೊಡುವ ದಿನ ಷೋರೂಮಿನಲ್ಲಿ ಇದನ್ನು ಹತ್ತು ನಿಮಿಷ ಕೂತು ಹೇಳಿಕೊಡದಿದ್ದರೆ ಅದು ಮಾತ್ರ ಖಂಡಿತವಾಗಿ ಅವರ ತಪ್ಪು.

ಹಳ್ಳ ದಾಟುವುದರಲ್ಲೂ ಇಂಥದೇ ಕಥೆ. ಥಾರಿಗೆ 650 ಮಿ.ಮೀ., ಗೂರ್ಖಾಕ್ಕೆ 700 ಮಿ.ಮೀ. ಆಳದ ನೀರು ತಡೆಯುವ ಶಕ್ತಿ ಇದೆ ಎಂದು ಕಂಪನಿಗಳು ಹೇಳುತ್ತವೆ. ನೀರಿಗಿಳಿದ ಬಿಸಿ ಅಕ್ಷ ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳಬಹುದು. ಆಗ ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಆ ಆಯಿಲ್ ಬದಲಿಸುವ ಖರ್ಚು ಸಾವಿರಗಳ ಲೆಕ್ಕದ್ದು, ಬದಲಿಸದೆ ಬಿಟ್ಟು ಕ್ರೌನ್ ಗೇರ್ ಹೋದರೆ ಹತ್ತಾರು ಸಾವಿರದ್ದು.

ಆದರೆ ತುಕ್ಕು ಬೇರೆ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಕೆಂಪು ಮಣ್ಣು ಚಾಸಿಯ ಪೆಟ್ಟಿಗೆಯಂಥ ಕಂಬಿಗಳ ಒಳಗೆ, ಸ್ಪ್ರಿಂಗಿನ ಬಟ್ಟಲಲ್ಲಿ ಕೂತು ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಹೊರಗೆ ತೊಳೆದರೂ ಒಳಗಿನ ಮಣ್ಣು ಹೋಗುವುದಿಲ್ಲ. ಮಲೆನಾಡಿನಲ್ಲಿ ಮಾರುವ ಗಾಡಿಗೆ ಇದನ್ನು ತಡೆಯುವ ಲೇಪನವನ್ನು, ನೀರು ಬಸಿದುಹೋಗುವ ತೂತನ್ನು ಕಾರ್ಖಾನೆಯಲ್ಲೇ ಕೊಡಬೇಕಾದದ್ದು ಕಂಪನಿಯ ಕರ್ತವ್ಯ. ಇದರ ಬೆಲೆ ಎಷ್ಟಾಗಬಹುದೆಂದು ಟೊಯೊಟಾ ಕಂಪನಿಗೆ ಗೊತ್ತು. ಅಮೆರಿಕದಲ್ಲಿ ಟಕೋಮಾ, ಟಂಡ್ರಾ, ಸಿಕ್ವೋಯಾ ಗಾಡಿಗಳ ಚಾಸಿ ತುಕ್ಕು ಹಿಡಿಯುತ್ತದೆಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಆದ ರಾಜಿಯ ವ್ಯಾಪ್ತಿಗೆ ಬಂದದ್ದು ಸುಮಾರು 15 ಲಕ್ಷ ಗಾಡಿಗಳು. ಒಂದು ಚಾಸಿ ಬದಲಿಸುವ ಅಂದಾಜು ವೆಚ್ಚ 15,000 ಡಾಲರ್, ಒಟ್ಟು ಹೊರೆ 340 ಕೋಟಿ ಡಾಲರ್‌ವರೆಗೆ. ಮಾಲೀಕರು ಒಗ್ಗಟ್ಟಾಗಿ, ಕಾಗದಪತ್ರ ಇಟ್ಟುಕೊಂಡು ದೂರಿದ್ದರಿಂದ ಆದದ್ದು ಅದು.

ಹಿಂದಿನ ಸೀಟಿಗೆ ಹತ್ತುವ ಕಷ್ಟ, ಜಿಮ್ನಿಯ 208 ಲೀಟರಿನ ಡಿಕ್ಕಿ, ಹಂಪ್ ಹಾರಿದಾಗ ಸೊಂಟಕ್ಕೆ ಬೀಳುವ ಪೆಟ್ಟು, ಇವು ಕೊಳ್ಳುವ ಮುನ್ನ ಅರ್ಧ ಗಂಟೆ ಓಡಿಸಿ ನೋಡಿದರೆ ಗೊತ್ತಾಗುವಂಥವು. 1985ರಿಂದ 2019ರವರೆಗೆ ಜನರಿಗೆ ಮಾರಾಟವಾದ ಮಾರುತಿ ಜಿಪ್ಸಿ ಸೊಂಟಕ್ಕೆ ಇದಕ್ಕಿಂತ ಕಠಿಣ. ಆದರೂ ಅದನ್ನು ಇಟ್ಟುಕೊಂಡವರು ಬಿಡಲೊಪ್ಪಲಿಲ್ಲ.

ಇನ್ನು ಬೆಲೆ. ಜಿಮ್ನಿ 2023ರ ಜೂನ್ 7ರಂದು ಮಾರುಕಟ್ಟೆಗೆ ಬಂದಾಗ ಆರಂಭದ ಎಕ್ಸ್ ಷೋರೂಂ ಬೆಲೆ 12.74 ಲಕ್ಷ. ಆರು ತಿಂಗಳೂ ತುಂಬುವ ಮೊದಲು 'ಥಂಡರ್ ಎಡಿಷನ್' ಹೆಸರಿನಲ್ಲಿ ಅದು 10.74 ಲಕ್ಷಕ್ಕೆ ಬಂತು. ಮೊದಲು ಕೊಂಡವರ ನಷ್ಟ ಎರಡು ಲಕ್ಷಕ್ಕೇ ನಿಲ್ಲಲಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಸೆಸ್, ಒಟ್ಟು ಶೇ 18.87. ಆ ಎರಡು ಲಕ್ಷದ ಮೇಲೆ ಅವರು ಕಟ್ಟಿದ ತೆರಿಗೆಯೇ 37,740 ರೂಪಾಯಿ. ಮೇಲೆ ಸಾಲದ ಬಡ್ಡಿ. ಈ ದೂರಿಗೆ ಕಾನೂನಿನ ಬಲ ಕಡಿಮೆ, ಆದರೆ ನೋವು ನಿಜವಾದದ್ದು. ಗಾಡಿಯಲ್ಲೇ ಕೊರತೆ ಇತ್ತೆನ್ನಲು ಬರುವುದಿಲ್ಲ. ಗುರುಗ್ರಾಮದಲ್ಲೇ ತಯಾರಾಗುವ ಇದೇ ಐದು ಬಾಗಿಲಿನ ಜಿಮ್ನಿಗೆ 2025ರ ಆರಂಭದಲ್ಲಿ ಜಪಾನಿನಲ್ಲಿ ನಾಲ್ಕು ದಿನಕ್ಕೆ ಸುಮಾರು 50,000 ಬುಕಿಂಗ್ ಬಂದು, ಕಂಪನಿ ಬುಕಿಂಗ್ ನಿಲ್ಲಿಸಿತು. ಅಲ್ಲಿ ಅದು ಇಟ್ಟುಕೊಂಡಿದ್ದ ಗುರಿ ತಿಂಗಳಿಗೆ 1,200.

ನಮ್ಮಲ್ಲಿ ಬೆಲೆ ಏರಿಸುವುದು ತೆರಿಗೆ. ದೂರಿನ ಸಾಲಿನಲ್ಲಿ ಕಾಣದ, ಎಲ್ಲಕ್ಕಿಂತ ದುಬಾರಿಯಾದ ಸಂಗತಿ ಇದೇ. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಕಾರುಗಳ ಜಿ.ಎಸ್.ಟಿ. ಎರಡೇ ಮಟ್ಟಕ್ಕೆ ಬಂದಿದೆ. 4 ಮೀಟರಿನೊಳಗಿನ ಉದ್ದ ಮತ್ತು 1,200 ಸಿ.ಸಿ. ಮೀರದ ಪೆಟ್ರೋಲ್ ಅಥವಾ 1,500 ಸಿ.ಸಿ. ಮೀರದ ಡೀಸೆಲ್ ಎಂಜಿನ್ ಇದ್ದರೆ ಶೇ 18, ಇಲ್ಲದಿದ್ದರೆ ಶೇ 40. ಜಿಮ್ನಿಯ ಉದ್ದ 3,985 ಮಿ.ಮೀ., ಪರೀಕ್ಷೆಯ ಮೊದಲ ಭಾಗ ಪಾಸು. ಎಂಜಿನ್ 1,462 ಸಿ.ಸಿ. ಪೆಟ್ರೋಲ್, ಎರಡನೆಯದರಲ್ಲಿ ಫೇಲು. ಹಿಂದಿನ ಚಕ್ರ ಮಾತ್ರ ಎಳೆಯುವ ಒಂದೂವರೆ ಲೀಟರ್ ಡೀಸೆಲ್ ಥಾರಿಗೆ ಶೇ 31 ಇದ್ದದ್ದು 18ಕ್ಕೆ ಇಳಿಯಿತು. ನಾಲ್ಕೂ ಚಕ್ರ ಎಳೆಯುವ 2.2 ಲೀಟರ್ ಡೀಸೆಲ್ ಥಾರಿಗೆ 48ರಿಂದ 40. ಹಂಪಿನ ಮೇಲಷ್ಟೇ ಓಡುವ ಗಾಡಿಗೆ ದೊಡ್ಡ ರಿಯಾಯಿತಿ, ಕೆಸರಿಗಿಳಿಯುವ ಗಾಡಿಗೆ ಚಿಕ್ಕದು.

ತೆರಿಗೆ ಸೇರದ ಬೆಲೆ 9 ಲಕ್ಷ ಎಂದುಕೊಳ್ಳಿ. ಶೇ 18ರಲ್ಲಿ 10.62 ಲಕ್ಷ, ಶೇ 40ರಲ್ಲಿ 12.60 ಲಕ್ಷ. ನಡುವೆ 1.98 ಲಕ್ಷ. ಆ 1.98 ಲಕ್ಷದ ಮೇಲೆ ರಾಜ್ಯದ ಶೇ 18.87, ಅಂದರೆ ಇನ್ನೂ 37,000 ಚಿಲ್ಲರೆ. ಒಟ್ಟು 2.35 ಲಕ್ಷ. ಮೈಲೇಜಿನ ಕೊರತೆಯ ಮೂವತ್ತು ಸಾವಿರವನ್ನು ಸುಮಾರು ಎಂಟು ವರ್ಷ ಕೂಡಿಸಿದರೆ ಬರುವ ಮೊತ್ತ ಇದು, ಕಟ್ಟುವುದು ಮೊದಲ ದಿನವೇ. ಅದೇ ತೋಟದ ಶೆಡ್ಡಿನಲ್ಲಿ ನಿಂತಿರುವ ಟ್ರ್ಯಾಕ್ಟರಿಗೆ ಶೇ 5. ಕುಯಿಲಿನ ಕಾಲದಲ್ಲಿ ಆಳುಗಳನ್ನು ಇಳಿಜಾರಿನ ತೋಟಕ್ಕೆ ಕರೆದೊಯ್ಯುವ, ಮಳೆಗಾಲದ ರಾತ್ರಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಗಾಡಿಗೆ ಐಷಾರಾಮಿ ಕಾರಿನ ದರ ಹಾಕುವುದು ತಪ್ಪು. ಲೋ ಗೇರ್ ಇರುವ ಗಾಡಿ ಸಾಗುವಳಿ ಪಹಣಿ ಇದ್ದವರ ಹೆಸರಿಗೆ ನೋಂದಣಿಯಾದರೆ ಬೇರೆ ದರ ಇರಲಿ ಎಂದು ಬೆಳೆಗಾರರು ಗಟ್ಟಿಯಾಗಿ ಕೇಳಬೇಕು.

ಉಳಿದದ್ದು ತಯಾರಿಕೆಯ ದೋಷ. 2021ರ ಫೆಬ್ರುವರಿಯಲ್ಲಿ ಮಹೀಂದ್ರ 1,577 ಡೀಸೆಲ್ ಥಾರ್‌ಗಳನ್ನು ಕ್ಯಾಮ್‌ಶಾಫ್ಟ್ ಪರೀಕ್ಷೆಗೆ ತಾನಾಗಿ ಹಿಂದಕ್ಕೆ ಕರೆಯಿತು. ಎಲ್ಲ ದೋಷಕ್ಕೂ ಹೀಗಾಗುವುದಿಲ್ಲ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಏಳು ವರ್ಷದೊಳಗಿನ ಗಾಡಿಯ ಸುರಕ್ಷತಾ ದೋಷದ ಬಗ್ಗೆ ಮಾಲೀಕರು 'ವಾಹನ್' ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಮಾರಾಟದ ಸಂಖ್ಯೆಗೆ ತಕ್ಕಷ್ಟು ದೂರು ಸೇರಿದರೆ ಸರ್ಕಾರವೇ ಗಾಡಿಗಳನ್ನು ವಾಪಸು ಕರೆಸುವ ಆದೇಶ ಕೊಡಬಹುದು, ದಂಡ 10 ಲಕ್ಷದಿಂದ ಒಂದು ಕೋಟಿಯವರೆಗೆ. ಅಲ್ಲಿ ಎಣಿಕೆಗೆ ಸಿಗುವುದು ದಾಖಲಾದ ದೂರು ಮಾತ್ರ. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 50 ಲಕ್ಷದವರೆಗಿನ ಖರೀದಿ ಅದರ ವ್ಯಾಪ್ತಿಗೆ ಬರುತ್ತದೆ. 10ರಿಂದ 20 ಲಕ್ಷದೊಳಗೆ ಕೊಂಡ ಗಾಡಿಗೆ ಶುಲ್ಕ 400 ರೂಪಾಯಿ, ಗಡುವು ಎರಡು ವರ್ಷ. ಸಹಾಯವಾಣಿ 1915. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ದೂರನ್ನು ಜಾಬ್ ಕಾರ್ಡಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆಸಿ, ಮೀಟರಿನ ಅಂಕಿ ಹಾಕಿಸಿ, ಪ್ರತಿ ಇಸಿದುಕೊಳ್ಳಿ. 'ಜನರಲ್ ಚೆಕಪ್' ಎಂದು ಬರೆದ ಕಾಗದಕ್ಕೆ ಸಹಿ ಹಾಕಬೇಡಿ.