ಮುಕ್ತ ಸರ್ಕಾರಿ ದತ್ತಾಂಶ ಮತ್ತು ಭಾಷಾಧ್ಯಯನ

ಸಾರ್ವಜನಿಕ ಹಣದಿಂದ ಸರ್ಕಾರ ಸಂಗ್ರಹಿಸಿದ ಅಂಕಿ ಅಂಶಗಳನ್ನು, ವ್ಯಕ್ತಿಗಳ ಖಾಸಗಿ ವಿವರಗಳನ್ನು ಹೊರತುಪಡಿಸಿ, ಯಾರು ಬೇಕಾದರೂ ಪಡೆದು ಬಳಸುವಂತೆ ತೆರೆದಿಡುವುದೇ ಮುಕ್ತ ಸರ್ಕಾರಿ ದತ್ತಾಂಶದ ತಿರುಳು. 2005ರ ಮಾಹಿತಿ ಹಕ್ಕು ಅಧಿನಿಯಮದ ಬಳಕೆ ಹೆಚ್ಚಾಗಿ ಕೇಳಿ ಪಡೆಯುವ ರೀತಿಯದು. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯ ಆಶಯ ಕೇಳುವ ಮೊದಲೇ ಕೊಡುವುದು. ಮೂಲವನ್ನು ಹೆಸರಿಸಬೇಕೆಂಬ ನಿಬಂಧನೆಯೊಡನೆ ಮರುಬಳಕೆಗೆ ಅನುಮತಿ ನೀಡುವ ಪರವಾನಗಿ 2017ರಲ್ಲಿ ಬಂದಿತು. ಕಡತದ ಪುಟಗಳ ಛಾಯಾಚಿತ್ರವನ್ನು ಜಾಲತಾಣದಲ್ಲಿ ಹಾಕಿದ ಮಾತ್ರಕ್ಕೆ ದತ್ತಾಂಶ ಮುಕ್ತವಾಗದು. ಗಣಕಯಂತ್ರ ಅದನ್ನು ಓದಿ, ಕೂಡಿ ಕಳೆಯುವಂತಿರಬೇಕು.

ಕನ್ನಡ ವಿದ್ಯಾರ್ಥಿಗೆ ಇದರಿಂದೇನು ಪ್ರಯೋಜನ? ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಕನ್ನಡಿಗರೆಷ್ಟು ಎಂಬ ಪ್ರಶ್ನೆಯನ್ನೇ ಎತ್ತಿಕೊಳ್ಳಬಹುದು. ಅನಂತಪುರ, ಕರ್ನೂಲುಗಳ ಗಡಿನಾಡ ಕನ್ನಡಿಗರತ್ತ ಹರಿದಷ್ಟು ನಮ್ಮ ವಿದ್ವಾಂಸರ ಗಮನ ಕರಾವಳಿ ಆಂಧ್ರದ ನಗರಗಳತ್ತ ಹರಿದಿಲ್ಲ. ಅಲ್ಲಿಯ ಕನ್ನಡಿಗರು ತಮಗೊಂದು ಶಾಲೆಯನ್ನೋ ಗ್ರಂಥಾಲಯವನ್ನೋ ಕೇಳಬೇಕಾದರೆ ಊಹೆಯ ಸಂಖ್ಯೆ ನಿಲ್ಲದು. ಜನಗಣತಿಯ 'ಸಿ-16' ಎಂಬ ಮಾತೃಭಾಷಾ ಕೋಷ್ಟಕ ಈ ಕೊರತೆಯನ್ನು ತುಂಬಬಲ್ಲುದು. ಅದು ಲೆಕ್ಕಹಾಕಬಲ್ಲ ಕಡತವಾಗಿ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ.

ಆದರೆ ಕೋಷ್ಟಕವನ್ನು ಕಣ್ಣುಮುಚ್ಚಿ ಎತ್ತಿಕೊಳ್ಳುವಂತಿಲ್ಲ. 2011ರ ಗಣತಿಯ ಭಾಷಾ ವಿವರಗಳು ಹೊರಬಂದದ್ದು 2018ರಲ್ಲಿ. (ಏಳು ವರ್ಷ ತಡೆದ ದತ್ತಾಂಶವನ್ನು ಎಷ್ಟರಮಟ್ಟಿಗೆ ಮುಕ್ತವೆನ್ನಬೇಕೋ!) ಅಲ್ಲಿರುವ ಆಂಧ್ರಪ್ರದೇಶ 2014ರ ವಿಭಜನೆಗೆ ಮುಂಚಿನದು. ಆಗ ವಿಜಯವಾಡ ಕೃಷ್ಣಾ ಜಿಲ್ಲೆಯ ಒಂದು ನಗರ, ಜಿಲ್ಲಾಕೇಂದ್ರ ಮಚಿಲೀಪಟ್ಟಣ. 2022ರ ಪುನರ್ವಿಂಗಡಣೆಯಲ್ಲಿ ವಿಜಯವಾಡವು ಎನ್‌ಟಿಆರ್ ಜಿಲ್ಲೆಯ ಕೇಂದ್ರವಾಯಿತು. ವಿಶಾಖಪಟ್ಟಣ ಜಿಲ್ಲೆಯಿಂದ ಅನಕಾಪಲ್ಲಿ ಬೇರೆಯಾಯಿತು. ಪಾಡೇರು, ಅರಕು ಭಾಗಗಳು ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದವು. ಹಳೆಯ ಜಿಲ್ಲೆಯ ಮೊತ್ತವನ್ನು ಹೊಸ ಜಿಲ್ಲೆಗೆ ಅನ್ವಯಿಸಿದರೆ ಬೆಟ್ಟದ ಬುಡಕಟ್ಟುಗಳ ಜನಸಂಖ್ಯೆಯೆಲ್ಲ ನಗರದ ಲೆಕ್ಕಕ್ಕೆ ಬಂದು, ಕನ್ನಡಿಗರ ಪ್ರಮಾಣ ತಪ್ಪಾಗುತ್ತದೆ. ಮಂಡಲಮಟ್ಟದ ಅಂಕಿಗಳನ್ನು ತೆಗೆದು ಹೊಸದಾಗಿ ಕೂಡಬೇಕು. ದತ್ತಾಂಶ ಮುಕ್ತವಾಗಿರುವುದರಿಂದಲೇ ಹೀಗೆ ಕೂಡಲು ಸಾಧ್ಯ. ಅಚ್ಚಾದ ವರದಿಯ ಸಿದ್ಧ ಮೊತ್ತದಲ್ಲಿ ಆ ಅನುಕೂಲವಿಲ್ಲ.

ಭಾಷಾವಿಜ್ಞಾನಿಗೆ ಇನ್ನೊಂದು ತೊಡಕೂ ಉಂಟು. 2011ರಲ್ಲಿ ದೇಶದ ಕನ್ನಡಿಗರ ಸಂಖ್ಯೆ 4,37,06,512 ಎಂದಿದೆ. 'ಕನ್ನಡ' ಎಂಬ ಈ ಶೀರ್ಷಿಕೆಯಡಿ ಬಡಗ, ಕುರುಬ ನುಡಿಗಳನ್ನಾಡುವವರೂ ಸೇರಿದ್ದಾರೆ. ಬಡಗವನ್ನು ಸ್ವತಂತ್ರ ಭಾಷೆಯೆಂದು ಪರಿಗಣಿಸುವ ವಿದ್ವಾಂಸರು ಶೀರ್ಷಿಕೆಯ ಮೊತ್ತವನ್ನು ಬಿಟ್ಟು ಒಳಗಿನ ಸಾಲುಗಳನ್ನು ಬಿಡಿಬಿಡಿಯಾಗಿ ಎಣಿಸಬೇಕಾಗುತ್ತದೆ. ಕೋಷ್ಟಕದಲ್ಲಿ ಆ ಸಾಲುಗಳು ಪ್ರತ್ಯೇಕವಾಗಿಯೇ ಇವೆ.